ಅತ್ತೆಯ ಶುಗರು, ಸೊಸೆಯ ಬೆರಳು

ಆನೇಕಲ್ ರಸ್ತೆಯ ಕೊಪ್ಪಸಂದ್ರದಲ್ಲಿ ಶ್ಯಾಮಣ್ಣನ ಮೂರಂತಸ್ತಿನ ಕಟ್ಟಡದ ಕೆಳಗೆ ಕ್ಲಿನಿಕ್ ಬಂದು ನಾಲ್ಕು ವರ್ಷವಾಗಿತ್ತು. ಈ ನಾಲ್ಕು ವರ್ಷದಲ್ಲಿ ಮೊದಲನೇ ಮಹಡಿಯ ಅವನ ಮನೆಯವರಲ್ಲಿ ಒಬ್ಬರೂ ಕೆಳಗೆ ಟೋಕನ್ ತೆಗೆದುಕೊಂಡು ಕೂತವರಲ್ಲ. ಜ್ವರ ಬಂತೋ, ಶ್ಯಾಮಣ್ಣ ಹಿಂದಿನ ಬಾಗಿಲಿಂದ ನುಗ್ಗಿ ನರ್ಸ್ ವನಜಾಳ ಮುಂದೆ ಕೈ ಚಾಚುವುದು, ಅವಳು ಎರಡು ಮಾತ್ರೆ ಹಾಕುವುದು, ಅಷ್ಟೇ ವೈದ್ಯ. ಬೆಂಚಿನ ಮೇಲೆ ಕೂರುವವರೆಲ್ಲ ಹಿತ್ತಲಿನ ಶೀಟ್ ಮನೆಗಳ ಬಾಡಿಗೆದಾರರು, ಫ್ಯಾಕ್ಟರಿಯವರು. ತನ್ನ ಬಾಡಿಗೆದಾರನ ಪಕ್ಕದಲ್ಲಿ ಚೀಟಿ ಹಿಡಿದು ಕೂರುವುದಕ್ಕಿಂತ ಜ್ವರದಲ್ಲೇ ಒಂದು ದಿನ ನರಳುವುದು ಮೇಲು ಅನ್ನುವ ಮನುಷ್ಯ ಅವನು.

ಕ್ಲಿನಿಕ್ಕಿನ ಹೊರಗೆ ದೊಡ್ಡ ಬೋರ್ಡಿತ್ತು. ಸೋಮವಾರ ಬಿಪಿ, ಮಂಗಳವಾರ ಶುಗರ್, ಬುಧವಾರ ಮಕ್ಕಳ ಲಸಿಕೆ, ಗುರುವಾರ ಬಸುರಿಯರ ತಪಾಸಣೆ, ಶನಿವಾರ ಶುಗರ್ ಇರುವವರ ಕಾಲಿನ ತಪಾಸಣೆ. ಶ್ಯಾಮಣ್ಣ ಅದನ್ನು ಓದಿದಾಗಲೆಲ್ಲ ನಗುತ್ತಿದ್ದ. "ಕಾಲ್ ನೋಡಕ್ಕೂ ಒಂದ್ ವಾರ ಇಕ್ಕವ್ರೆ. ಇನ್ ಭಾನುವಾರ ಉಗುರ್ ನೋಡ್ತಾರೆ ಬಿಡು."

ಅವನ ಸೊಸೆ ಶೋಭಾರಾಣಿಗೆ ಆ ಬೋರ್ಡಿನ ಕೆಳಗಿನ ಕೌಂಟರಿನ ಮೇಲೆ ಕಣ್ಣು. ಹೊಸಕೋಟೆ ಕಡೆಯಿಂದ ಬಂದವಳು, ಪಿಯುಸಿ ಮುಗಿಸಿದವಳು, ಮಗಳು ಒಂದನೇ ಕ್ಲಾಸಿಗೆ ಹೋದಮೇಲೆ ಹಗಲೆಲ್ಲ ಮೈ ಪರಚಿಕೊಳ್ಳುವಂತಾಗಿತ್ತು. ಡಾಕ್ಟರು ಮಹಾದೇವಿ ಟೋಕನ್ ಕೊಡಲು, ಫೋನೆತ್ತಲು, ಫೈಲ್ ತೆಗೆದಿಡಲು ಒಬ್ಬರು ಬೇಕು ಅಂದಿದ್ದರು. ಗಂಡ ಲೋಕೇಶನಿಗೆ ಕಂಪನಿಗಳಿಗೆ ಟೆಂಪೋ ಓಡಿಸುವುದರಲ್ಲೇ ಹಗಲು ಮುಗಿಯುತ್ತಿತ್ತು. "ಅಪ್ಪನ್ನ ಕೇಳು" ಎಂದು ತಪ್ಪಿಸಿಕೊಂಡ. ಅಪ್ಪನನ್ನು ಕೇಳಿದರೆ, "ನಮಗ್ ಬಾಡಿಗೆ ಕೊಡೋರತ್ರ ನಮ್ ಸೊಸೆ ಸಂಬಳಕ್ ನಿಲ್ತಾಳಾ? ಊರ್ ಜನ ಏನಂತಾರೆ?" ಎಂದು ಮುದ್ದೆ ಮುರಿದು ಬಾಯಿಗಿಟ್ಟುಕೊಂಡ. ಮಾತು ಅಲ್ಲಿಗೇ ನಿಂತಿತು.

ಸಂಕ್ರಾಂತಿಗೆ ಎಳ್ಳು ಬೆಲ್ಲ ಇಸಿದುಕೊಳ್ಳಲು ಡಾಕ್ಟರು ಮೇಲೆ ಬಂದರು. ಗದಗದ ಕಡೆಯ ಹೆಂಗಸು, ಮಾತು ಮೆತ್ತಗೆ, ಕಣ್ಣು ಚುರುಕು. ಅರ್ಧ ಗಂಟೆಯಲ್ಲಿ ಶೋಭಾರಾಣಿಯ ಅತ್ತೆ ವೆಂಕಟಮ್ಮ ನಾಲ್ಕು ಲೋಟ ನೀರು ಕುಡಿದು ಎರಡು ಸಲ ಬಚ್ಚಲಿಗೆ ಹೋಗಿ ಬಂದದ್ದನ್ನು ನೋಡಿ, ವನಜಾಳನ್ನು ಕರೆಸಿ ಅಲ್ಲೇ ಬೆರಳು ಚುಚ್ಚಿಸಿದರು.

"ಮುನ್ನೂರಾ ಹನ್ನೆರಡ್ ಅದ ಅಮ್ಮಾರ" ಎಂದರು. "ಮಾತ್ರಿ ಬರದು ಕೊಡ್ತೀನಿ. ಒಂದ್ ತಿಂಗಳ ಮಟ ಈ ಮಿಶನ್ ನಿಮ್ಮನ್ಯಾಗ ಇರ್ಲಿ. ಮುಂಜಾನಿ ಖಾಲಿ ಹೊಟ್ಟಿಲೆ ಒಮ್ಮೆ, ಊಟ ಆಗಿ ಎರಡ್ ತಾಸಿಗೆ ಒಮ್ಮೆ ನೋಡ್ರಿ. ನಂಬರ್ ಅದ್ರಾಗೇ ಉಳೀತಾವ, ನಾ ಮಂಗಳವಾರ ನೋಡ್ಕೋತೀನಿ. ಇಳೀಲಿಲ್ಲ ಅಂದ್ರ ಇನ್ಸುಲಿನ್ ಸುರು ಮಾಡೂದ."

ವೆಂಕಟಮ್ಮನ ಮುಖ ಹುಳಿ ಕುಡಿದಂತಾಯಿತು. ಅವಳ ಅಣ್ಣ ದ್ಯಾಮಣ್ಣ ಇನ್ಸುಲಿನ್ ಶುರುಮಾಡಿದ ಆರು ತಿಂಗಳಿಗೆ ಸತ್ತಿದ್ದ. ಅವನು ಸತ್ತದ್ದು ಕುಡಿದು, ಅದು ಊರಿಗೆಲ್ಲ ಗೊತ್ತು. ವೆಂಕಟಮ್ಮನ ಲೆಕ್ಕದಲ್ಲಿ ಮಾತ್ರ ಕೊಂದದ್ದು ಸೂಜಿ.

ಮಾರನೆಯ ಬೆಳಿಗ್ಗೆ ಬೆರಳು ಚುಚ್ಚಿದ್ದಕ್ಕೆ ಅವಳು ಬೀದಿಗೆ ಕೇಳುವಂತೆ ಕೂಗಿದಳು. ಇನ್ನೂರ ಅರವತ್ತೆಂಟು ಬಂತು. ಮಧ್ಯಾಹ್ನ ಅತ್ತೆ ಸೊಸೆ ಇಬ್ಬರೂ ನೆನೆಸಿದ ಅವರೆಕಾಳು ಮುಂದಿಟ್ಟುಕೊಂಡು ಹಿತುಕುತ್ತ ಕೂತಿದ್ದರು.

"ಶೋಭಾ, ಆ ಮಿಶನ್ಗೆ ಯಾರ್ ರಕ್ತ ಅಂತ ಗೊತ್ತಾಯ್ತದಾ?"

"ಅದಕ್ಕೇನ್ ಗೊತ್ತಾಗುತ್ತೆ ಅತ್ತೆ. ರಕ್ತ ಅಂದ್ರೆ ರಕ್ತ."

"ಅಂಗಾದ್ರೆ ನಿಂದೇ ಆಕು."

"ತಮಾಷೆ ಮಾಡ್ತಿದೀರಾ?"

"ತಮಾಷೆ ಯಾಕೆ. ಒಂದ್ ತಿಂಗ್ಳು. ಮಾತ್ರೆ ನುಂಗ್ತೀನಿ, ಬ್ಯಾಡ ಅನ್ನಲ್ಲ. ಈ ಚುಚ್ಚೋದೊಂದ್ ಬ್ಯಾಡ."

"ಡಾಕ್ಟ್ರಿಗೆ ಗೊತ್ತಾದ್ರೆ?"

"ನಾನ್ ಏಳಲ್ಲ. ನೀನ್ ಏಳ್ತೀಯಾ?" ವೆಂಕಟಮ್ಮ ನಾಲ್ಕು ಕಾಳು ಹಿತುಕಿ, ತಲೆ ಎತ್ತದೆಯೇ ಹೇಳಿದಳು. "ನಿಮ್ ಮಾವಂಗೆ ನಾನ್ ಏಳ್ತೀನಿ. ಕೆಳೀಕೆ ಕೆಲ್ಸಕ್ ಓಗು. ಮಗೀನ, ಒಲೇನ ನಾನ್ ನೋಡ್ಕೊಂತೀನಿ."

ಶೋಭಾರಾಣಿ ಇಲ್ಲ ಅನ್ನಬೇಕಿತ್ತು. ಅನ್ನಲಿಲ್ಲ. ಬೇಳೆ ಬಟ್ಟಲಿಗೆ, ಸಿಪ್ಪೆ ಮೊರಕ್ಕೆ ಹಾಕುತ್ತಲೇ ಇದ್ದಳು.

ವೆಂಕಟಮ್ಮ ಕೊಟ್ಟ ಮಾತು ಉಳಿಸಿಕೊಳ್ಳುವ ಹೆಂಗಸು. ರಾತ್ರಿಯ ಊಟಕ್ಕೇ ಗಂಡನನ್ನು ಹಿಡಿದಳು. "ಬಸ್ ಅತ್ತಂಗಿಲ್ಲ, ಗೇಟ್ ದಾಟಂಗಿಲ್ಲ. ನಮ್ ಮೆಟ್ಲೇ ಇಳ್ದು ನಮ್ ಕಟ್ಟಡದಲ್ಲೇ ಕೂತ್ಕೊಂತಾಳೆ. ಅದ್ಯಾವ್ ಮರ್ಯಾದೆ ಓಯ್ತದೆ ನಿಂದು?" ಶ್ಯಾಮಣ್ಣ ಮೂರು ದಿನ ಗುರುಗುಟ್ಟಿ ನಾಲ್ಕನೆಯ ದಿನ ಒಪ್ಪಿದ.

ಶೋಭಾರಾಣಿ ತನ್ನ ಬೆರಳು ಚುಚ್ಚಿಕೊಂಡ ಮೊದಲ ಬೆಳಿಗ್ಗೆ ಎಂಬತ್ತೆಂಟು ಬಂತು. ನಿನ್ನೆ ಇನ್ನೂರ ಅರವತ್ತೆಂಟು, ಇವತ್ತು ಎಂಬತ್ತೆಂಟು ಅಂದರೆ ಯಾವ ಡಾಕ್ಟರು ನಂಬುತ್ತಾರೆ? ಗುಂಡಿ ಒತ್ತಿ ಆ ನಂಬರನ್ನು ಅಳಿಸಿ, ಅದಕ್ಕೂ ಒಂದು ದಾರಿ ಕಂಡುಕೊಂಡಳು. ಎರಡು ಚಮಚ ಸಕ್ಕರೆ ಸುರಿದು ಕಾಫಿ ಕುಡಿದು, ಮಗಳಿಗೆ ಜಡೆ ಹಾಕಿ, ಡಬ್ಬಿಗೆ ಚಿತ್ರಾನ್ನ ತುಂಬಿ, ಆಮೇಲೆ ಚುಚ್ಚಿಕೊಂಡಳು. ನೂರ ಮೂವತ್ತೊಂದು. ಖಾಲಿ ಹೊಟ್ಟೆಯ ರಕ್ತವೆಂದು ಮಿಶನ್ನಿನೊಳಗೆ ಉಳಿದದ್ದು ಸಕ್ಕರೆ ಕಾಫಿಯ ರಕ್ತ. ದಿನಾ ಹಾಗೇ.

ಮಂಗಳವಾರ ಡಾಕ್ಟರು ಮಿಶನ್ ಒತ್ತಿ ಒತ್ತಿ ನೋಡಿ ಹಿಗ್ಗಿದರು. "ಮಾತ್ರಿ ಛಲೋ ಹತ್ಯಾವ. ನಿಮ್ಮತ್ತಿ ಬಾಯಿ ಕಟ್ಟ್ಯಾರ ಅಂತ ಕಾಣತದ." ಮುಂದಿನ ತಿಂಗಳು ಕೊಳವೆಯಲ್ಲಿ ರಕ್ತ ತೆಗೆದು ಲ್ಯಾಬಿಗೆ ಕಳಿಸಬೇಕು, ಮೂರು ತಿಂಗಳ ಶುಗರ್ ಒಟ್ಟಿಗೆ ಗೊತ್ತಾಗುತ್ತದೆ, ಒಂದು ಶನಿವಾರ ಕಾಲನ್ನೂ ನೋಡಿಬಿಡೋಣ ಎಂದು ಹೇಳಿ ಕಳಿಸಿದರು. ಅದಕ್ಕೆ ಶ್ಯಾಮಣ್ಣನೇ ಕೌಂಟರಿಗೆ ಬಂದು ಉತ್ತರ ಕೊಟ್ಟ. "ಮಿಶನ್ನೇ ಚೆನ್ನಾಗೈತೆ ಅಂತದಲ್ಲ ತಾಯಿ, ಇನ್ ಕೊಳವೆ ರಕ್ತ ಯಾಕೆ? ಶನಿವಾರ ಅಂತೂ ಬ್ಯಾಡ. ಈ ಬೆಂಚ್ ಮ್ಯಾಲೆ ಕೂತು ನಮ್ಮೋಳು ಎಲ್ಲಾರ್ ಮುಂದೆ ಕಾಲ್ ಚಾಚ್ತಾಳಾ?" ಡಾಕ್ಟರು ಬಲವಂತ ಮಾಡಲಿಲ್ಲ. ನಂಬರ್ ಚೆನ್ನಾಗಿತ್ತಲ್ಲ, ಮಿಶನ್ನನ್ನೂ ಇನ್ನೆರಡು ತಿಂಗಳು ಇಟ್ಟುಕೊಳ್ಳಿ ಎಂದರು.

ಶೋಭಾರಾಣಿಗೆ ಕೆಲಸ ಹಿಡಿಸಿತು. ಯಾವ ಮಗುವಿಗೆ ಯಾವ ಬುಧವಾರ ಲಸಿಕೆ, ಯಾವ ಬಸುರಿಗೆ ಎಷ್ಟನೇ ತಿಂಗಳು, ಎಲ್ಲ ಬಾಯಿಗೆ ಬಂತು. ಶೀಟ್ ಮನೆಯ ಲೇತ್ ಕೆಲಸದ ಪರಮಾನಂದ, ಶುಗರ್‌ನವನು, ದಿನಾ ಬೆಳಿಗ್ಗೆ ಕೌಂಟರಿಗೆ ಬಂದು ತನ್ನ ನಂಬರನ್ನು ಮಗನ ಮಾರ್ಕ್ಸ್ ಹೇಳುವಂತೆ ಹೇಳಿ ಹೋಗುತ್ತಿದ್ದ. "ಮೇಡಂ, ಇವತ್ತು ನೂರಾ ನಲವತ್ತು. ಪಾಸಾ?" ಅವಳು "ಪಾಸು" ಅನ್ನುತ್ತಿದ್ದಳು. ಹೆಬ್ಬೆರಳಿನಿಂದ ತನ್ನ ಬೆರಳ ತುದಿಯ ಚುಕ್ಕಿಗಳನ್ನು ಸವರಿಕೊಳ್ಳುತ್ತಿದ್ದಳು.

ವಿಚಿತ್ರವೆಂದರೆ, ಬರಬರುತ್ತ ವೆಂಕಟಮ್ಮ ಆ ನಂಬರುಗಳನ್ನು ನಂಬತೊಡಗಿದಳು.

"ಇವತ್ತೆಷ್ಟು ನಂದು?"

"ನೂರಾ ಇಪ್ಪತ್ತೆಂಟು. ಅದು ನಂದು ಅತ್ತೆ, ನಿಮ್ಮದಲ್ಲ."

"ಆಯ್ತು ಬಿಡಮ್ಮ. ಇಳ್ದೈತಲ್ಲ." ಎಂದು ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿಕೊಳ್ಳುತ್ತಿದ್ದಳು. ಬಾಳೆಹಣ್ಣು ಹಿಸುಕಿ ಹಾಲು ಸಕ್ಕರೆ ಹಾಕಿಕೊಂಡು ತಿನ್ನುವುದು ಮತ್ತೆ ಶುರುವಾಯಿತು. ಶೋಭಾರಾಣಿ ಒಂದು ಸಲ ತಡೆದಳು. "ನಿಮ್ ಮನೇಲಿ ಅತ್ತೆ ಉಣ್ಣೋದ್ನ ಎಣಿಸ್ತಿದ್ರಾ?" ಎಂದು ಅತ್ತೆ ಕೇಳಿದ ಮೇಲೆ ಮತ್ತೆ ತಡೆಯಲಿಲ್ಲ.

ಯುಗಾದಿಗೆ ಹತ್ತು ದಿನ ಮುಂಚೆ ವೆಂಕಟಮ್ಮ ತಾರಸಿಯ ಮೇಲೆ ಸಂಡಿಗೆ ಇಟ್ಟಳು. ಬರಿಗಾಲಲ್ಲಿ ನಡು ಮಧ್ಯಾಹ್ನದ ಸಿಮೆಂಟಿನ ಮೇಲೆ ನಾಲ್ಕು ದಿನ ಓಡಾಡಿದಳು. ಬೇರೆ ಯಾರಾದರೂ ಆಗಿದ್ದರೆ ಕುಣಿದುಕೊಂಡು ಕೆಳಗೆ ಬರುತ್ತಿದ್ದರು. ಅವಳಿಗೆ ಸುಟ್ಟದ್ದೇ ತಿಳಿಯಲಿಲ್ಲ.

ಹಬ್ಬದ ಬೆಳಿಗ್ಗೆ ಕಾಲಿಗೆ ಬೀಳಲು ಬಗ್ಗಿದ ಶೋಭಾರಾಣಿಗೆ ಮೊದಲು ವಾಸನೆ ಬಂತು. ಅತ್ತೆಯ ಬಲಗಾಲಿನ ಎರಡನೇ ಬೆರಳಿಗೆ ಅರಿಶಿನ ಹಚ್ಚಿದ ಬಟ್ಟೆ ಸುತ್ತಿತ್ತು. ಕಾಲುಂಗುರ ಊದಿದ ಮಾಂಸದೊಳಗೆ ಹೂತುಹೋಗಿತ್ತು.

"ಏನತ್ತೆ ಇದು?"

"ಗುಳ್ಳೆ ಎದ್ದಿತ್ತು, ಒಡೀತು. ನೋವೇನಿಲ್ಲ ಕಣೆ. ಏಳು, ಒಬ್ಬಟ್ಟು ಸೀದೋಯ್ತದೆ."

ಪ್ರತಿ ಶನಿವಾರ ಒಳಗಿನ ಕೋಣೆಯಿಂದ ಡಾಕ್ಟರು ಹೇಳುವುದನ್ನು ಶೋಭಾರಾಣಿ ಕೌಂಟರಿನಲ್ಲಿ ಕೂತು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದಳು. ಗಾಯ ಆಗೇದ, ನೋವಿಲ್ಲ ಅಂದ್ರ ಅವತ್ತೇ ಓಡಿ ಬರ್ರಿ, ನಾಳಿ ಅನಬ್ಯಾಡ್ರಿ. ನೋವಿಲ್ಲದ ಗಾಯ ಎಂಥದೆಂದು ಕೊಪ್ಪಸಂದ್ರದಲ್ಲಿ ಡಾಕ್ಟರು, ವನಜಾ ಬಿಟ್ಟರೆ ಬಲ್ಲವಳು ಅವಳೊಬ್ಬಳೇ.

"ಶನಿವಾರ ಬೆಳಿಗ್ಗೆ ಯಾರೂ ಇಲ್ಲದಾಗ ಕರ್ಕೊಂಡ್ ಹೋಗ್ತೀನಿ, ಬನ್ನಿ ಅತ್ತೆ."

"ಓದ್ರೆ ಮೊದ್ಲು ಬೆರಳು ಚುಚ್ತಾರೆ. ಚುಚ್ಚಿದ್ರೆ ಎಲ್ಲಾ ಆಚೆ ಬತ್ತದೆ. ಆಮ್ಯಾಕೆ ನಿನ್ ಕೆಲ್ಸ?"

ಶೋಭಾರಾಣಿ ಒಬ್ಬಟ್ಟು ಮಗುಚಿದಳು. ಆ ಶನಿವಾರ ಕಾಲಿನ ತಪಾಸಣೆಗೆ ಹದಿನಾಲ್ಕು ಟೋಕನ್ ಕೊಟ್ಟಳು. ಮುಂದಿನ ಶನಿವಾರ ಹನ್ನೊಂದು. ಎರಡು ಶನಿವಾರವೂ ಸಂಜೆ ಮೇಲೆ ಹೋಗಿ ಅತ್ತೆಯ ಬೆರಳಿನ ಬಟ್ಟೆ ಬದಲಾಯಿಸಿ ಹೊಸ ಅರಿಶಿನ ಹಚ್ಚಿದಳು.

ಎರಡನೇ ಶನಿವಾರ ಕಳೆದ ಮೂರನೇ ದಿನ ವೆಂಕಟಮ್ಮನಿಗೆ ಚಳಿಜ್ವರ ಬಂದು ಮಾತು ತೊದಲಿತು. ಡಾಕ್ಟರು ಚಪ್ಪಲಿ ಹಾಕಿಕೊಳ್ಳದೆ ಮೆಟ್ಟಿಲು ಹತ್ತಿ ಬಂದರು. ಕಾಲಿಗೆ ಸುತ್ತಿದ ಬಟ್ಟೆ ಬಿಚ್ಚಿದರು. ಬೆರಳು ಕಪ್ಪಾಗಿತ್ತು. ಶುಗರ್ ನಾನ್ನೂರ ಇಪ್ಪತ್ತೇಳು. ಡಾಕ್ಟರು ಆ ನಂಬರನ್ನು ನೋಡಿದರು, ಕಪಾಟಿನ ಮೇಲಿದ್ದ ಮನೆಯ ಮಿಶನ್ನನ್ನು ತೆಗೆದು ಅದರಲ್ಲಿದ್ದ ಅವತ್ತಿನ ಬೆಳಗಿನ ನೂರ ಇಪ್ಪತ್ತಾರನ್ನು ನೋಡಿದರು. ಲೋಕೇಶನಿಗೆ ಟೆಂಪೋ ತೆಗೆ ಎಂದರು.

ದೊಡ್ಡ ಆಸ್ಪತ್ರೆಯಲ್ಲಿ ಕಾಲುಂಗುರವನ್ನು ಕತ್ತರಿಸಿ ತೆಗೆದರು, ಮಾರನೆಯ ದಿನ ಬೆರಳನ್ನೂ ತೆಗೆದರು. ಎಚ್ಚರವಾದಾಗ ವೆಂಕಟಮ್ಮ ಬೆರಳಿಗಾಗಿ ಅಳಲಿಲ್ಲ. "ಗಂಡ ಬದುಕಿರೋವಾಗ್ಲೇ ಕಾಲುಂಗುರ ತೆಗ್ಸಿದ್ರಲ್ಲ" ಎಂದು ಅತ್ತಳು. ಶೋಭಾರಾಣಿ ಕಿಟಕಿಯ ಕಡೆ ತಿರುಗಿ ನಿಂತಿದ್ದಳು.

ಶ್ಯಾಮಣ್ಣ ಸೀದಾ ಕ್ಲಿನಿಕ್ಕಿಗೆ ಬಂದ. ಬೆಂಚು ತುಂಬ ಜನ.

"ಮೂರ್ ತಿಂಗ್ಳಿಂದ ನಿನ್ ಮಿಶನ್ನು, ನಿನ್ ಮಾತ್ರೆ. ಎಲ್ಲಾ ಚೆನ್ನಾಗೈತೆ ಚೆನ್ನಾಗೈತೆ ಅಂದು ನನ್ ಎಂಡ್ತಿ ಬೆರಳ್ ತೆಗೆಸ್ದೆ. ಒಂದ್ ತಿಂಗ್ಳು ಟೈಮು. ಖಾಲಿ ಮಾಡ್ಕೊಂಡ್ ಓಗ್ತಾ ಇರು."

ಡಾಕ್ಟರ ಮುಖ ಬಿಳಿಚಿತು. "ನನಗೂ ತಿಳೀವಲ್ದು ಶ್ಯಾಮಣ್ಣಾರ. ಮಿಶನ್ನೇ ಕೆಟ್ಟಿರಬೇಕು. ಎಲ್ಲಾ ಮಿಶನ್ ಒಂದ ಸಲಕ್ಕ ತರಿಸಿದ್ದು."

ಅಂದು ಮಧ್ಯಾಹ್ನ ಅವರು ಶೋಭಾರಾಣಿಗೆ ಒಂದು ಪಟ್ಟಿ ಕೊಟ್ಟರು. ಕ್ಲಿನಿಕ್ಕಿನ ಮಿಶನ್ ಇಟ್ಟುಕೊಂಡಿದ್ದ ಉಳಿದ ಹನ್ನೊಂದು ಜನ. ಎಲ್ಲರಿಗೂ ಫೋನ್ ಮಾಡಿ ವಾಪಸ್ ತರಲು ಹೇಳಿ, ಅದರ ನಂಬರ್ ನಂಬಬೇಡಿ ಅಂತ ಹೇಳಿ ಎಂದರು. ಅವಳು ಒಬ್ಬೊಬ್ಬರಿಗೇ ಫೋನ್ ಮಾಡಿದಳು. ಪರಮಾನಂದ ಮಿಶನ್ನನ್ನು ಮಗನ ಟವೆಲ್ಲಿನಲ್ಲಿ ಸುತ್ತಿ ತಂದ. "ಅಂದ್ರೆ ಇಷ್ಟ್ ದಿನ ನಾನ್ ಪಾಸಾಗಿದ್ದು ಸುಳ್ಳಾ ಮೇಡಂ?" ಎಂದ. ಅವಳಿಗೆ ಅವನ ಮುಖ ನೋಡಲಾಗಲಿಲ್ಲ. ಒಳಗೆ ಡಾಕ್ಟರು ಹನ್ನೆರಡು ಮಿಶನ್ನುಗಳನ್ನು ಮೇಜಿನ ಮೇಲಿಟ್ಟುಕೊಂಡು ತಮ್ಮ ಬೆರಳನ್ನೇ ಹನ್ನೆರಡು ಸಲ ಚುಚ್ಚಿಕೊಂಡು ನೋಡುತ್ತಿದ್ದರು. ಎಲ್ಲ ಸರಿಯಾಗಿಯೇ ತೋರಿಸುತ್ತಿದ್ದವು. ಅದು ಅವರನ್ನು ಇನ್ನಷ್ಟು ಕಂಗೆಡಿಸಿತ್ತು.

ವೆಂಕಟಮ್ಮ ಮನೆಗೆ ಬಂದ ರಾತ್ರಿ ಎಲ್ಲರೂ ಊಟಕ್ಕೆ ಕೂತಿದ್ದರು. ಶ್ಯಾಮಣ್ಣ ಯಾವುದೋ ಮೊಬೈಲ್ ಶೋರೂಮಿನವನು ಜಾಗ ಕೇಳಿದ್ದನ್ನು ಹೇಳುತ್ತಿದ್ದ. ಶೋಭಾರಾಣಿ ಸಾರಿನ ಪಾತ್ರೆ ಕೆಳಗಿಟ್ಟಳು.

"ಮಾವ, ಮಿಶನ್ ಸರಿಯಾಗಿತ್ತು. ಅತ್ತೆ ಬೆರಳಲ್ಲ, ನಾನು ನನ್ ಬೆರಳು ಚುಚ್ಕೊತಿದ್ದೆ."

ಲೋಕೇಶನ ಕೈಯ ತುತ್ತು ಹಾಗೇ ನಿಂತಿತು. ಶ್ಯಾಮಣ್ಣ ಹೆಂಡತಿಯ ಕಡೆ ನೋಡಿದ. ವೆಂಕಟಮ್ಮ ಗೋಡೆ ನೋಡುತ್ತ ಹೇಳಿದಳು. "ಕೆಲ್ಸ ಓಯ್ತದಲ್ಲ, ಅದಕ್ಕೆ ಏನೇನೋ ಏಳ್ತಾವ್ಳೆ."

"ಅತ್ತೆ, ಅವರೆಕಾಳು ಹಿತುಕ್ತಾ ನೀವೇ ಹೇಳಿದ್ದಲ್ವಾ?"

"ನನಗ್ ಗ್ಯಾನ ಇಲ್ಲ."

ಆದರೆ ಶ್ಯಾಮಣ್ಣನಿಗೆ ಹೆಂಡತಿ ಗೊತ್ತು, ನಲವತ್ತು ವರ್ಷದಿಂದ ಗೊತ್ತು. ತಟ್ಟೆಯಲ್ಲೇ ಕೈ ತೊಳೆದುಕೊಂಡ. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ. "ಈ ಮಾತು ಈ ಮನೆ ಹೊಸ್ಲು ದಾಟಬಾರ್ದು. ಅಷ್ಟ್ ಜನದ ಮುಂದೆ ಬೈದು ಬಂದಿವ್ನಿ. ಈಗ್ ಓಗಿ ತಪ್ಪು ನಮ್ದೇ ಅನ್ನಕ್ಕಾಯ್ತದಾ?"

"ಹಾಗಾದ್ರೆ ಡಾಕ್ಟ್ರು?"

"ಅವ್ರು ಓದಿರೋರು. ಇನ್ನೊಂದ್ ಕಡೆ ಬೋರ್ಡ್ ಆಕ್ಕೊಂತಾರೆ."

ಕೋಣೆಯಲ್ಲಿ ಲೋಕೇಶನೂ ಅದನ್ನೇ ಹೇಳಿದ. "ಸುಮ್ನಿರು ಶೋಭಾ. ಹೇಳಿದ್ರೆ ಬೆರಳ್ ವಾಪಸ್ ಬರುತ್ತಾ?"

"ಬರಲ್ಲ" ಎಂದಳು ಶೋಭಾರಾಣಿ. "ನಾನು ಕಾಲು ನೋಡಿದ್ದೆ ಕಣ್ರೀ. ಎರಡು ಶನಿವಾರ ನೋಡಿದ್ದೆ." ಅವನು ಮಗ್ಗುಲು ಬದಲಾಯಿಸಿದ.

ಶನಿವಾರ ಬಂತು. ಕಾಲಿನ ತಪಾಸಣೆಗೆ ಏಳೇ ಜನ ಬಂದಿದ್ದರು, ಮಿಶನ್ ಕೆಟ್ಟ ಸುದ್ದಿ ಹಬ್ಬಿ ಉಳಿದವರು ಬೇರೆ ಕಡೆ ಹೋಗಿದ್ದರು. ಶ್ಯಾಮಣ್ಣ ಬಾಗಿಲಲ್ಲಿ ನಿಂತು ಶೋರೂಮಿನವನಿಗೆ ಗೋಡೆ ತೋರಿಸುತ್ತಿದ್ದ. ಡಾಕ್ಟರು ಮೊದಲನೇ ಟೋಕನ್ ಕರೆಯಲು ಹೊರಗೆ ಬಂದಾಗ ಶೋಭಾರಾಣಿ ಕೌಂಟರಿನಿಂದ ಎದ್ದು ನಿಂತಳು. ಮಾವ ಬೈದದ್ದು ಈ ಬೆಂಚಿನ ಮುಂದೆ. ಇದನ್ನೂ ಇಲ್ಲೇ ಹೇಳಬೇಕು ಎಂದು ಅವಳು ಮೂರು ರಾತ್ರಿ ಯೋಚಿಸಿಟ್ಟುಕೊಂಡಿದ್ದಳು.

"ಮೇಡಂ, ಮಿಶನ್ ಕೆಟ್ಟಿರ್ಲಿಲ್ಲ. ಅದ್ರಲ್ಲಿದ್ದ ರಕ್ತ ನಂದು. ಅತ್ತೇದಲ್ಲ."

"ಏಯ್ ಶೋಭಾ" ಎಂದ ಶ್ಯಾಮಣ್ಣ ಬಾಗಿಲಿಂದ. "ಮನೀಗ್ ನಡಿ."

"ಬೆಳಿಗ್ಗೆ ಕಾಫಿ ಕುಡಿದು ಚುಚ್ಕೊತಿದ್ದೆ, ನಂಬರ್ ನಂಬೋ ಹಾಗೆ ಬರ್ಲಿ ಅಂತ. ಅತ್ತೆ ಕಾಲಿನ ಗಾಯ ಯುಗಾದಿ ದಿನವೇ ನೋಡಿದ್ದೆ. ನೀವು ಒಳಗೆ ಹೇಳೋದೆಲ್ಲ ಕೇಳಿಸ್ತಿತ್ತು. ಆದ್ರೂ ಹೇಳ್ಲಿಲ್ಲ. ಹೇಳಿದ್ರೆ ಈ ಕುರ್ಚಿ ಹೋಗುತ್ತೆ ಅಂತ ಹೇಳ್ಲಿಲ್ಲ."

ಶೋರೂಮಿನವನು ಮೆಲ್ಲಗೆ ಹೊರಗೆ ಸರಿದ. ಬೆಂಚಿನ ಮೇಲಿಂದ ಪರಮಾನಂದ ಕೇಳಿದ. "ಹಂಗಾದ್ರೆ ನನ್ ಮಿಶನ್ ಸರಿಯಾಗೇ ಇತ್ತಾ ಮೇಡಂ?"

"ಸರಿ ಇತ್ರಿ" ಎಂದರು ಡಾಕ್ಟರು, ಅವನ ಕಡೆ ನೋಡದೆ.

"ಮತ್ತೆ ವಾಪಸ್ ಕೊಡಿ."

ಯಾರೋ ನಕ್ಕರು. ಡಾಕ್ಟರು ಕೌಂಟರಿಗೆ ಕೈಯೂರಿ ನಿಂತರು. ಹದಿನೈದು ದಿನದಿಂದ ಅವರ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಬೈಯುತ್ತಾರೆ ಎಂದು ಶೋಭಾರಾಣಿ ಕಾಯುತ್ತಿದ್ದಳು. ಬೈದಿದ್ದರೆ ಹಗುರಾಗುತ್ತಿತ್ತು.

"ಇಪ್ಪತ್ ಮೆಟ್ಟಲ ಶೋಭಾ" ಎಂದರು ಕೊನೆಗೆ. "ಮಾಲಕರ ಮನಿ, ಬ್ಯಾಡಂದ್ರು ಅಂತ ನಾನೂ ಏರಿ ಬಂದು ಕಾಲ್ ನೋಡ್ಲಿಲ್ಲ. ನಂಬರ್ ನಂಬಿಕೊಂಡು ಕೂತೆ." ಕೌಂಟರಿನಿಂದ ಕೈ ತೆಗೆದರು. "ನಾಳಿಂದ ನೀವು ಕೆಲಸಕ್ಕ ಬರಬ್ಯಾಡ್ರಿ. ಇಲ್ಲಿ ಕೂಡೋರು ಸುಳ್ಳ ಹೇಳಿದ್ರ, ಬೆಂಚಿನ ಮ್ಯಾಲಿನವರು ನನಗ ಖರೇ ಯಾಕ ಹೇಳ್ತಾರ?"

"ಆಯ್ತು ಮೇಡಂ."

ಅವಳು ಟೋಕನ್ ಡಬ್ಬಿಯನ್ನು ವನಜಾಳ ಕೈಗೆ ಕೊಟ್ಟು, ಮಾವನ ಪಕ್ಕದಿಂದಲೇ ಮೆಟ್ಟಿಲು ಹತ್ತಿದಳು. ಶ್ಯಾಮಣ್ಣ ಅವಳ ಮೇಲೆ ಕೈ ಎತ್ತಲಿಲ್ಲ, ಮಾತೂ ಎತ್ತಲಿಲ್ಲ. ಡಾಕ್ಟರಿಗೂ ಏನೂ ಹೇಳಲಿಲ್ಲ. ತಪ್ಪಾಯಿತು ಅನ್ನುವ ಮಾತು ಆ ಬಾಯಲ್ಲಿ ಹುಟ್ಟುವುದಿಲ್ಲ. ಆದರೆ ಶೋರೂಮಿನವನು ಫೋನ್ ಮಾಡಿದಾಗ ಎತ್ತಲಿಲ್ಲ, ತಿಂಗಳು ತುಂಬಿದಾಗ ಖಾಲಿ ಮಾಡುವ ಮಾತನ್ನೂ ತೆಗೆಯಲಿಲ್ಲ. ಕ್ಲಿನಿಕ್ ಇದ್ದಲ್ಲೇ ಉಳಿಯಿತು. ಹಿಂದಿನ ಬಾಗಿಲಿಂದ ಅವನು ಹೋಗುವುದು ಮಾತ್ರ ನಿಂತಿತು.

ಮನೆಯಲ್ಲಿ ಅತ್ತೆ ಸೊಸೆಯ ನಡುವೆ ಮಾತು ನಿಂತಿತ್ತು. ಡಾಕ್ಟರು ವಾರಕ್ಕೆ ಎರಡು ಸಲ ಮೇಲೆ ಬಂದು ಕಾಲು ನೋಡಿ ಹೋಗುತ್ತಿದ್ದರು. ಇನ್ಸುಲಿನ್ ಶುರುವಾಗಿತ್ತು, ಚುಚ್ಚುವವಳು ಶೋಭಾರಾಣಿಯೇ. ವೆಂಕಟಮ್ಮ ಈಗ ಕೂಗುತ್ತಿರಲಿಲ್ಲ, ಹೊಟ್ಟೆಯ ಮೇಲಿನ ಸೆರಗು ಸರಿಸಿ ಅತ್ತ ಮುಖ ಮಾಡುತ್ತಿದ್ದಳು.

ಗಾಯ ಒಣಗಿದ ಮೇಲೆ ವನಜಾ ಬಂದು ಕಾಲು ತೊಳೆಯುವ ಕ್ರಮ ಹೇಳಿಕೊಟ್ಟಳು. ಉಗುರು ಬೆಚ್ಚಗಿನ ನೀರು. ಮೆತ್ತನೆ ಬಟ್ಟೆ. ಬೆರಳ ಸಂದಿ ಒಂದೊಂದನ್ನೂ ಒಣಗುವ ತನಕ ಒರೆಸಬೇಕು, ಪಸೆ ಉಳಿಯಬಾರದು.

ಶೋಭಾರಾಣಿ ಬೋಗುಣಿ ತಂದು ನೆಲದ ಮೇಲೆ ಕೂತಳು. ಅತ್ತೆಯ ಬಲಗಾಲನ್ನು ಮಡಿಲಿಗೆ ತೆಗೆದುಕೊಂಡು ತೊಳೆದಳು. ಹೆಬ್ಬೆರಳು ಒರೆಸಿದಳು. ಬಟ್ಟೆ ಅದರ ಪಕ್ಕಕ್ಕೆ ಹೋಗಿ ಅಲ್ಲಿ ನಿಂತಿತು, ಅಲ್ಲೇ ಒರೆಸುತ್ತ ಉಳಿಯಿತು.

ವೆಂಕಟಮ್ಮ ಸ್ವಲ್ಪ ಹೊತ್ತು ನೋಡಿದಳು. ಎಷ್ಟೋ ದಿನದ ಮೇಲೆ ಬಾಯಿ ಬಿಟ್ಟಳು.

"ಅಲ್ಲೇನೈತೆ ಅಂತ ಒರ್ಸ್ತೀಯೇ. ಬರಿದಾಗೈತಲ್ಲ."

ಶೋಭಾರಾಣಿ ತಲೆ ಎತ್ತಲಿಲ್ಲ. ಆ ಬರಿದಾದ ಜಾಗವನ್ನು ಇನ್ನೊಂದು ಸಲ ಒರೆಸಿ, ಮುಂದಿನ ಬೆರಳಿಗೆ ಹೋದಳು.